ರಾಫೆಲ್‌ನ ‘ಸಿಸ್ಟೀನ್ ಮಡೋನಾ’: ಸಂತೆಯಲ್ಲಿ ಸಿಕ್ಕ ಕಲ್ಲಚ್ಚು ಬರೀ ನಕಲೇ?

ಎಲ್ಬೆತೀರ
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಜರ್ಮನಿಯ ಡ್ರೆಸ್ಡೆನ್‌ನಲ್ಲಿದ್ದೇನೆ. ಇಲ್ಲಿ ಎಲ್ಬೆ ನದಿಯ ದಡದಲ್ಲಿ ಹಳೆಯ ಸಾಮಾನುಗಳ ಸಂತೆ ಸೇರುತ್ತದೆ. ಕಳೆದ ವಾರ ಅಲ್ಲಿ ಇಟಲಿಯ ಚಿತ್ರಕಾರ ರಾಫೆಲ್‌ನ ‘ಸಿಸ್ಟೀನ್ ಮಡೋನಾ’ ಚಿತ್ರದ (ಮೇರಿ ಮಗು ಯೇಸುವನ್ನು ಎತ್ತಿಕೊಂಡಿರುವುದು) ಕಪ್ಪು ಬಿಳುಪಿನ ದೊಡ್ಡ ಮುದ್ರಣವೊಂದು ಸಿಕ್ಕಿತು. ಚಿತ್ರದ ಕೆಳಗೆ ಎಡಗಡೆ ರಾಫೆಲ್ ಹೆಸರು, ಬಲಗಡೆ ಹಾನ್ಫ್‌ಸ್ಟೆಂಗ್ಲ್ ಎಂಬ ಹೆಸರು ಇದೆ. ಮಾರುತ್ತಿದ್ದ ಅಜ್ಜಿ ‘19ನೇ ಶತಮಾನದ ಲಿಥೋಗ್ರಾಫ್’, ಅಂದರೆ ಕಲ್ಲಚ್ಚು, ಎಂದರು.

ಜೊತೆಗಿದ್ದ ಗೆಳೆಯರು ಮಾತ್ರ ‘ಮೂಲ ಚಿತ್ರ ಇದೇ ಊರಿನ ಗ್ಯಾಲರಿಯಲ್ಲಿದೆ, ಟಿಕೆಟ್ ಕೊಂಡು ನೋಡಿದರಾಯಿತು, ನಕಲಿಗೆ ಯಾಕೆ ದುಡ್ಡು ಸುರಿಯುತ್ತೀರಿ?’ ಎಂದು ದಾರಿಯುದ್ದಕ್ಕೂ ಹೇಳಿದರು. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ, ಆದರೆ ತಿರುಗಿ ಹೇಳಲು ತಿಳಿವಳಿಕೆ ಸಾಲದು. ಇದು ನಿಜವಾದ ಕಲ್ಲಚ್ಚೇ ಎಂದು ಮನೆಯಲ್ಲೇ ಪತ್ತೆ ಮಾಡುವುದು ಹೇಗೆ? ಇಂಥ ಪ್ರತಿಕೃತಿಯನ್ನು ಕಲೆ ಎಂದು ಗೌರವಿಸಬಹುದೇ? ಮಾರುಕಟ್ಟೆಯ ಬೆಲೆ ನನಗೆ ಬೇಕಿಲ್ಲ.

ಸಂಪಿಗೆ
ಚಿತ್ರ ಹಾಕಿ, ನೋಡೋಣ! ಸಿಸ್ಟೀನ್ ಎಂದರೆ ಆ ಪ್ರಸಿದ್ಧ ಸಿಸ್ಟೀನ್ ಚಾಪೆಲ್‌ನಲ್ಲಿದ್ದ ಚಿತ್ರವಲ್ಲವೇ? ಜರ್ಮನಿಗೆ ಹೇಗೆ ಬಂತು?

ಹಳೆಕಾಗದ
ಸಂಪಿಗೆ ಅವರೇ, ಆ ಚಾಪೆಲ್‌ಗೂ ಈ ಚಿತ್ರಕ್ಕೂ ನೇರ ಸಂಬಂಧವಿಲ್ಲ. ಇಟಲಿಯ ಪಿಯಾಚೆಂಜಾ ಊರಿನ ಸಾನ್ ಸಿಸ್ಟೋ ಚರ್ಚಿನ ಪೀಠಕ್ಕೆಂದು ಪೋಪ್ ಎರಡನೇ ಜೂಲಿಯಸ್ 1512ರಲ್ಲಿ ರಾಫೆಲ್‌ನಿಂದ ಬರೆಸಿದ ಚಿತ್ರ ಇದು. ಆ ಚರ್ಚು ಸಂತ ಸಿಕ್ಸ್ಟಸ್‌ನದು, ಅದರಿಂದ ಈ ಹೆಸರು. 1754ರಲ್ಲಿ ಸ್ಯಾಕ್ಸನಿಯ ಮೂರನೇ ಅಗಸ್ಟಸ್ ಅದನ್ನು ಕೊಂಡು ಡ್ರೆಸ್ಡೆನ್‌ಗೆ ತರಿಸಿದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಸೇನೆ ಮಾಸ್ಕೋಗೆ ಒಯ್ದಿತು, 1955ರಲ್ಲಿ ಅಲ್ಲಿ ಪ್ರದರ್ಶನವಾದ ಮೇಲೆ ಮರಳಿ ಡ್ರೆಸ್ಡೆನ್‌ಗೆ ಬಂತು.

ಈಗ ಎಲ್ಬೆತೀರ ಅವರ ಪ್ರಶ್ನೆ. ಫ್ರಾನ್ಜ್ ಹಾನ್ಫ್‌ಸ್ಟೆಂಗ್ಲ್ ಎಂಬ ಹೆಸರು ಇರುವುದು ಒಳ್ಳೆಯ ಸುಳಿವು. 1804ರಲ್ಲಿ ಹುಟ್ಟಿದವನು, 1833ರಲ್ಲಿ ಮ್ಯೂನಿಕ್‌ನಲ್ಲಿ ತನ್ನದೇ ಕಲ್ಲಚ್ಚಿನ ಮುದ್ರಣಾಲಯ ತೆರೆದ. 1835ರಿಂದ 1852ರವರೆಗೆ ಡ್ರೆಸ್ಡೆನ್ ಗ್ಯಾಲರಿಯ ಶ್ರೇಷ್ಠ ಚಿತ್ರಗಳನ್ನು ಒಂದೊಂದಾಗಿ ಕಲ್ಲಿಗೆ ಇಳಿಸಿ ಪ್ರಕಟಿಸಿದ. ಹದಿನೇಳು ವರ್ಷದ ಕೆಲಸ! ಆದರೆ ಹೆಸರೊಂದನ್ನೇ ನಂಬಬೇಡಿ. ಅವನ ಸಂಸ್ಥೆ ಆಮೇಲೆ ಫೋಟೋ ಆಧಾರಿತ ಮುದ್ರಣಗಳನ್ನೂ ರಾಶಿ ರಾಶಿ ಹೊರತಂದಿದೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಿಕ್ಕರೆ ಮೇರಿಯ ಕೆನ್ನೆಯ ನೆರಳನ್ನು ನೋಡಿ, ಏನು ಕಾಣುತ್ತದೆ ಎಂದು ಬರೆಯಿರಿ.

ಕುಂಚ
ನಾನು ಚಿತ್ರಕಲೆ ಕಲಿಸುವವನು. ಖಂಡಿತವಾಗಿ ಹೇಳುತ್ತೇನೆ, ನಕಲು ನಕಲೇ. ರಾಫೆಲ್ ಬರೆದದ್ದು ಸುಮಾರು ಎರಡೂವರೆ ಮೀಟರಿಗೂ ಎತ್ತರದ ಕ್ಯಾನ್ವಾಸ್. ಆ ಹಸಿರು ಪರದೆ, ಮೇರಿಯ ಕೆಂಪು ಉಡುಪು, ಅದರ ಮೇಲಿನ ನೀಲಿ ಹೊದಿಕೆ, ಪಕ್ಕದಲ್ಲಿರುವ ಸಂತ ಸಿಕ್ಸ್ಟಸ್‌ನ ಹೊನ್ನಿನ ನಿಲುವಂಗಿ ಎಲ್ಲವನ್ನೂ ಕಳೆದು ಬೂದು ಬಣ್ಣದಲ್ಲಿ ಕೊಟ್ಟರೆ ಉಳಿಯುವುದು ಅಸ್ಥಿಪಂಜರ. ನೆನಪಿಗೆ ಇಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ. ಅದನ್ನು ಕಲೆ ಎಂದು ಕರೆಯಬೇಡಿ.

ಮುದ್ರಕ
ಕುಂಚ ಅವರೇ, ನೀವು ಒಮ್ಮೆ ಕಲ್ಲಿನ ಮೇಲೆ ಕ್ರೇಯಾನ್ ಹಿಡಿದು ಕೂತರೆ ಈ ಮಾತು ಆಡಲಾರಿರಿ. ನಾನು ಆಫ್‌ಸೆಟ್ ಮುದ್ರಣದಲ್ಲಿ ದುಡಿದು ನಿವೃತ್ತನಾದವನು. ನಮ್ಮ ಆಫ್‌ಸೆಟ್‌ಗೆ ಮೂಲವೇ ಈ ಕಲ್ಲಚ್ಚು. ಹೇಗೆ ಮಾಡುತ್ತಿದ್ದರು ಎಂಬುದನ್ನು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ.

ಬವೇರಿಯಾದ ಸೋಲ್ನ್‌ಹೋಫೆನ್ ಎಂಬಲ್ಲಿ ಸಿಗುವ ನುಣುಪಾದ ಸುಣ್ಣಕಲ್ಲಿನ ಚಪ್ಪಡಿ. ಅದರ ಮೇಲೆ ಮರಳು, ನೀರು ಹಾಕಿ ಇನ್ನೊಂದು ಕಲ್ಲಿನಿಂದ ಉಜ್ಜುತ್ತಾರೆ. ಮರಳು ಎಷ್ಟು ಸಣ್ಣದೋ ಕಲ್ಲಿನ ತರಿ ಅಷ್ಟು ನಯ. ಮೇಣ, ಸಾಬೂನು, ಕೊಬ್ಬು, ದೀಪದ ಮಸಿ ಸೇರಿಸಿದ ಕ್ರೇಯಾನ್‌ನಿಂದ ಅದರ ಮೇಲೆ ಚಿತ್ರ ಬರೆಯಬೇಕು. ಬರೆಯುವಾಗ ಅಂಗೈ ಕಲ್ಲಿಗೆ ತಗಲುವ ಹಾಗಿಲ್ಲ, ಬೆರಳಿನ ಜಿಡ್ಡು ಸಹ ಮಸಿ ಹಿಡಿದು ಕಪ್ಪು ಗುರುತಾಗುತ್ತದೆ. ಚಿತ್ರ ಮುಗಿದ ಮೇಲೆ ಗೋಂದಿಗೆ ಒಂದಿಷ್ಟು ನೈಟ್ರಿಕ್ ಆಮ್ಲ ಬೆರೆಸಿ ಸವರುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಮಸಿಯ ರೋಲರ್ ಉರುಳಿಸಿದರೆ ಜಿಡ್ಡಿರುವ ಕಡೆ ಮಸಿ ಕೂರುತ್ತದೆ, ನೀರಿರುವ ಕಡೆ ಕೂರುವುದಿಲ್ಲ. ಕೆತ್ತನೆ ಇಲ್ಲ, ಉಬ್ಬಿಲ್ಲ, ತಗ್ಗಿಲ್ಲ. 1790ರ ದಶಕದ ಕೊನೆಯಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಇದನ್ನು ಮ್ಯೂನಿಕ್‌ನಲ್ಲಿ ಕಂಡುಹಿಡಿದ.

ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಬರೆಯಬೇಕು ಎನ್ನುವುದನ್ನು ಮರೆಯಬೇಡಿ. ರಾಫೆಲ್‌ನ ಮೇರಿಯ ಮುಖವನ್ನು ತಿರುಗುಮುರುಗಾಗಿ ಬರೆದು, ಅಚ್ಚಾದಾಗ ಅದೇ ಮುಖ ಬರಬೇಕು. ಇದನ್ನು ಅಸ್ಥಿಪಂಜರ ಎನ್ನುತ್ತೀರಾ?

ಭೂಗರ್ಭ
ಸೋಲ್ನ್‌ಹೋಫೆನ್ ಹೆಸರು ಕೇಳಿ ಸುಮ್ಮನಿರಲು ಆಗಲಿಲ್ಲ. ಅದೇ ಸುಣ್ಣಕಲ್ಲಿನಲ್ಲೇ ಆರ್ಕಿಯೋಪ್ಟೆರಿಕ್ಸ್ ಎಂಬ ಆದಿಪಕ್ಷಿಯ ಪಳೆಯುಳಿಕೆ ಸಿಕ್ಕಿದ್ದು. 1861ರಲ್ಲಿ ಅದಕ್ಕೆ ಇಟ್ಟ ವೈಜ್ಞಾನಿಕ ಹೆಸರು ಆರ್ಕಿಯೋಪ್ಟೆರಿಕ್ಸ್ ಲಿಥೋಗ್ರಾಫಿಕಾ, ಕಲ್ಲಚ್ಚಿನ ಕಲ್ಲಿನಲ್ಲಿ ಸಿಕ್ಕಿದ್ದರಿಂದ. ಸುಮಾರು 15 ಕೋಟಿ ವರ್ಷಗಳ ಹಿಂದೆ ಅಲೆಯಿಲ್ಲದ ಉಪ್ಪುನೀರಿನ ಲಗೂನುಗಳ ತಳದಲ್ಲಿ ಬಹಳ ಸಣ್ಣ ಸುಣ್ಣದ ಕೆಸರು ಪದರ ಪದರವಾಗಿ ಇಳಿದು ಆದ ಕಲ್ಲು ಅದು. ಕಣ ಅಷ್ಟು ಸಣ್ಣದಾದ್ದರಿಂದಲೇ ಗರಿಯ ಎಳೆಯೂ ಉಳಿಯಿತು, ಕ್ರೇಯಾನಿನ ಗೆರೆಯೂ ಹಿಡಿಯಿತು.

ಸಂಪಿಗೆ
ಎಂಥ ಮಾಹಿತಿ! ಚರ್ಚೆ ಎಲ್ಲಿಂದ ಎಲ್ಲಿಗೋ ಹೋಯಿತು, ಆದರೂ ಧನ್ಯವಾದ.

ಕುಂಚ
ಮುದ್ರಕ ಅವರೇ, ಶ್ರಮ ಇದೆ ಎಂದರೆ ಕಲೆ ಇದೆ ಎಂದಾಗುವುದಿಲ್ಲ. ನನ್ನ ಆಕ್ಷೇಪ ಬೇರೆ. ಮೂಲದಲ್ಲಿ ಮೇರಿಯ ಕಣ್ಣುಗಳನ್ನು ನೋಡಿ: ಅಗಲವಾಗಿ ತೆರೆದಿವೆ, ಏನೋ ಕಂಡು ಬೆಚ್ಚಿದಂತಿವೆ. ಮಗುವಿನ ಮುಖದಲ್ಲೂ ಅದೇ ಆತಂಕ. ಸಾನ್ ಸಿಸ್ಟೋ ಚರ್ಚಿನಲ್ಲಿ ಈ ಚಿತ್ರದ ಎದುರಿಗೆ ಶಿಲುಬೆ ಇತ್ತು, ತಾಯಿ ಮಗು ಅದನ್ನೇ ನೋಡುತ್ತಿದ್ದಾರೆ, ಸಿಕ್ಸ್ಟಸ್ ಕೈ ಚಾಚಿ ತೋರಿಸುತ್ತಿರುವುದೂ ಅದನ್ನೇ ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಅಂದರೆ ಇದು ಮುಂದೆ ಬರುವ ಸಾವನ್ನು ಕಂಡ ತಾಯಿಯ ಮುಖ. 19ನೇ ಶತಮಾನದ ಪ್ರತಿಕೃತಿಗಳಲ್ಲಿ ನಾನು ನೋಡಿದ ಬಹುಪಾಲು ಮುಖಗಳು ಸಿಹಿಯಾಗಿವೆ. ಮನೆಯ ಗೋಡೆಗೆ ಒಪ್ಪುವ ಸೌಮ್ಯ ಅಮ್ಮನನ್ನಾಗಿ ಅವಳನ್ನು ಮಾಡಿಬಿಟ್ಟರು. ಆ ಬೆಚ್ಚಿದ ನೋಟವೇ ಹೋದರೆ ಚಿತ್ರದಲ್ಲಿ ಏನು ಉಳಿಯಿತು?

ಹಳೆಕಾಗದ
ಇದು ಗಟ್ಟಿಯಾದ ಮಾತು. ಅಗ್ಗದ ಪ್ರತಿಗಳ ವಿಷಯದಲ್ಲಿ ನಿಮ್ಮ ದೂರು ಸರಿ. ಆದರೆ ಒಳ್ಳೆಯ ಕಲ್ಲಚ್ಚನ್ನು ಅಳೆಯಲು ಬೇರೊಂದು ಜಾಗ ಹೇಳುತ್ತೇನೆ: ಮೇರಿಯ ಹಿಂದಿನ ಮೋಡ. ಮೂಲದಲ್ಲಿ ಆ ಮೋಡ ಬರೀ ಮೋಡವಲ್ಲ, ಹತ್ತಿರ ಹೋದರೆ ಅದರ ತುಂಬ ಪುಟ್ಟ ದೇವದೂತರ ಮುಖಗಳು ಒತ್ತೊತ್ತಾಗಿ ಕಾಣುತ್ತವೆ. ಕಣ್ಣು, ಮೂಗು, ತುಟಿ ಎಲ್ಲ ಬೆಳಕಿನಲ್ಲೇ ಕರಗಿರುತ್ತವೆ. ಇದನ್ನು ಕಲ್ಲಿನ ಮೇಲೆ ತರುವುದೆಂದರೆ ಕ್ರೇಯಾನನ್ನು ತರಿಯ ತುದಿಗೆ ತಾಗಿತೋ ಇಲ್ಲವೋ ಎಂಬಂತೆ ಆಡಿಸಬೇಕು. ಒಂದು ಚೂರು ಒತ್ತು ಹೆಚ್ಚಾದರೆ ಮುಖ ಕೊಳಕಾಗುತ್ತದೆ, ಕಡಿಮೆಯಾದರೆ ಆಮ್ಲ ಅದನ್ನು ತಿಂದುಬಿಡುತ್ತದೆ. ಕಲ್ಲಿನ ಮೇಲೆ ಅಳಿಸಿ ತಿದ್ದುವುದು ಬಹಳ ಕಷ್ಟ. ಕೈಲಾಗದ ನಕಲುಗಾರರು ಆ ಮುಖಗಳನ್ನು ಬಿಟ್ಟು ಬರೀ ಮೋಡ ಬರೆದು ಮುಗಿಸುತ್ತಾರೆ.

ಎಲ್ಬೆತೀರ ಅವರೇ, ನಿಮ್ಮ ಪ್ರತಿಯಲ್ಲಿ ಆ ಮುಖಗಳಿವೆಯೇ?

ಎಲ್ಬೆತೀರ
ಇಷ್ಟೊಂದು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಭೂತಗನ್ನಡಿ ತಂದು ನೋಡಿದೆ.

ಕೆನ್ನೆಯ ನೆರಳಿನಲ್ಲಿ ಸಾಲಾಗಿ ನಿಂತ ಚುಕ್ಕೆಗಳಿಲ್ಲ. ಮರಳು ಚೆಲ್ಲಿದಂತೆ ಸಣ್ಣ ದೊಡ್ಡ ಕಪ್ಪು ಕಣಗಳಿವೆ, ಒಂದರ ಹಾಗೆ ಇನ್ನೊಂದಿಲ್ಲ. ಗಾಢವಾದ ಕಡೆ ಕಣಗಳು ಒಂದಕ್ಕೊಂದು ಅಂಟಿಕೊಂಡಿವೆ. ಮೋಡದ ಮುಖಗಳಿವೆ! ಮೇರಿಯ ತಲೆಯ ಎಡಗಡೆ ಎಣಿಸಲು ಕೂತು ಬಿಟ್ಟುಬಿಟ್ಟೆ, ಅಷ್ಟು ತಿಳಿಯಾಗಿ ಒಂದರೊಳಗೊಂದು ಸೇರಿವೆ. ಚಿತ್ರ ಇರುವುದು ತೆಳುವಾದ, ತುಸು ಹಳದಿ ಛಾಯೆಯ ಕಾಗದದ ಮೇಲೆ, ಅದನ್ನು ದಪ್ಪ ಬಿಳಿ ಕಾಗದಕ್ಕೆ ಅಂಟಿಸಿದ ಹಾಗಿದೆ. ಯಾರೋ ಆಮೇಲೆ ಕತ್ತರಿಸಿ ಅಂಟಿಸಿದ್ದೇ? ಅಂಚಿನಲ್ಲಿ ಕಂದು ಚುಕ್ಕೆಗಳೂ ಇವೆ.

ಮುದ್ರಕ
ಮರಳು ಚೆಲ್ಲಿದಂತೆ ಎಂದಿರಲ್ಲ, ಅದೇ ಕಲ್ಲಿನ ತರಿ. ಕೈಯಿಂದ ಬರೆದ ಕಲ್ಲಚ್ಚೇ ಇರಬೇಕು. ಸಾಲಾಗಿ ಜೋಡಿಸಿದ ಚುಕ್ಕೆಗಳಿದ್ದಿದ್ದರೆ ಹಾಫ್‌ಟೋನ್, ಅಂದರೆ ಫೋಟೋದಿಂದ ಮಾಡಿದ ಅಚ್ಚು.

ತೆಳು ಕಾಗದ ಯಾರೂ ಆಮೇಲೆ ಅಂಟಿಸಿದ್ದಲ್ಲ. ಅದನ್ನು ಚೀನಾ ಕಾಗದ ಎನ್ನುತ್ತಿದ್ದರು. ಸಣ್ಣ ತರಿಯನ್ನು ದಪ್ಪ ಕಾಗದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ ಎಂದು ಚಿತ್ರವನ್ನು ಅದರ ಮೇಲೆ ಒತ್ತಿ, ಪ್ರೆಸ್ಸಿನಲ್ಲೇ ಹಿಂದಿನ ದಪ್ಪ ಕಾಗದಕ್ಕೆ ಕೂಡಿಸುತ್ತಿದ್ದರು. ಒಳ್ಳೆಯ ಮುದ್ರಣಗಳಿಗೆ ಇದು ಸಾಮಾನ್ಯ. ಕಂದು ಚುಕ್ಕೆ ಹೋಗಲೆಂದು ಯಾರಾದರೂ ನೀರಿನಲ್ಲಿ ತೊಳೆಯಿರಿ ಎಂದರೆ ಖಂಡಿತ ಕೇಳಬೇಡಿ, ಎರಡು ಕಾಗದಗಳೂ ಬೇರೆ ಬೇರೆಯಾಗಿ ಹಿಗ್ಗಿ ಗುಳ್ಳೆ ಏಳುತ್ತವೆ.

ಹಳೆಕಾಗದ
ಇನ್ನೊಂದು ಪರೀಕ್ಷೆ, ನನಗೆ ಬಹಳ ಇಷ್ಟವಾದದ್ದು. ಚಿತ್ರದ ಮೇಲ್ತುದಿಯಲ್ಲಿ ಪರದೆ ನೇತುಹಾಕಿದ ಕೋಲು, ಅದರ ಬಳೆಗಳು ಕಾಣುತ್ತವೆಯೇ ನೋಡಿ. ಮೂಲ ಕ್ಯಾನ್ವಾಸಿನ ಮೇಲ್ಭಾಗದ ಪಟ್ಟಿ ಚೌಕಟ್ಟಿನ ಹಿಂದಕ್ಕೆ ಮಡಚಿಹೋಗಿತ್ತು. 1826-27ರಲ್ಲಿ ಪಾಲ್ಮರೋಲಿ ಎಂಬ ಇಟಲಿಯ ತಜ್ಞ ಚಿತ್ರವನ್ನು ದುರಸ್ತಿ ಮಾಡಿದಾಗ ಅದನ್ನು ಬಿಡಿಸಿ ಹೊರತೆಗೆದ. ಹಾಗಾಗಿ 1816ರಲ್ಲಿ ಬಂದ ಫ್ರೀಡ್ರಿಶ್ ಮ್ಯೂಲರ್‌ನ ಹೆಸರಾಂತ ತಾಮ್ರಫಲಕದ ಕೆತ್ತನೆಯಲ್ಲಿ ಕೋಲು ಇಲ್ಲ. ಆಮೇಲೆ ಮೂಲವನ್ನೇ ನೋಡಿ ಬರೆದವರಿಗೆ ಅದು ಕಂಡಿರಲೇಬೇಕು. ನಿಮ್ಮದರಲ್ಲಿ ಕೋಲು ಇಲ್ಲವೆಂದರೆ ಹಳೆಯ ಕೆತ್ತನೆಯನ್ನು ನೋಡಿ ಮಾಡಿದ ನಕಲಿನ ನಕಲು ಇರಬಹುದು.

ಮ್ಯೂಲರ್ ಕಥೆಯೂ ದುಃಖದ್ದು. ವರ್ಷಗಟ್ಟಲೆ ಈ ಒಂದೇ ಫಲಕದ ಮೇಲೆ ದುಡಿದ, ಮನಸ್ಸಿನ ಆರೋಗ್ಯ ಕೆಟ್ಟು ಪಿರ್ನಾ ಬಳಿಯ ಸೊನ್ನೆನ್‌ಸ್ಟೈನ್ ಆಸ್ಪತ್ರೆಯಲ್ಲಿ 1816ರಲ್ಲೇ ತೀರಿಕೊಂಡ. ಅವನ ಕೆತ್ತನೆಗೆ ಯೂರೋಪಿನಲ್ಲೆಲ್ಲ ಸಿಕ್ಕ ಗೌರವವನ್ನು ಅವನು ನೋಡಲಿಲ್ಲ. ಇಂಥವರ ಕೆಲಸವನ್ನು ‘ಬರೀ ನಕಲು’ ಎಂದಾಗ ನನಗೆ ಸಂಕಟವಾಗುತ್ತದೆ.

ಎಲ್ಬೆತೀರ
ಕೋಲು ಇದೆ. ಬಳೆಗಳೂ ಇವೆ. ಕೋಲು ನಡುವೆ ತುಸು ಬಾಗಿದೆ ಕೂಡ.

ಹಳೆಕಾಗದ
ಬಹಳ ಸಂತೋಷ. ಮೂಲದಲ್ಲೂ ಬಾಗಿದೆ.

ಗುಲ್‌ಮೊಹರ್
ಸಿಕ್ಸ್ಟಸ್‌ನ ಬಲಗೈಯಲ್ಲಿ ಆರು ಬೆರಳಿವೆ ಎಂದು ಎಲ್ಲೋ ಓದಿದ್ದೆ. ರಾಫೆಲ್ ಗುಟ್ಟಾಗಿ ಏನೋ ಹೇಳಿದ್ದಾನಂತೆ. ನಿಮ್ಮ ಪ್ರತಿಯಲ್ಲಿ ಎಷ್ಟಿವೆ?

ಕುಂಚ
ಐದೇ ಇವೆ. ಆರನೆಯದು ಎಂದು ಕಾಣುವುದು ಕಿರುಬೆರಳ ಪಕ್ಕದ ಅಂಗೈಯ ಅಂಚು. ಕೈಯನ್ನು ನೋಡುಗನ ಕಡೆಗೆ ಚಾಚಿದಾಗ ಹಾಗೆಯೇ ಕಾಣುತ್ತದೆ, ನಿಮ್ಮ ಕೈಯನ್ನೇ ಕನ್ನಡಿಯ ಮುಂದೆ ಹಿಡಿದು ನೋಡಿ. ಗುಟ್ಟು ಹುಡುಕುವುದಾದರೆ ಕೆಳಗೆ ಎಡಮೂಲೆಯಲ್ಲಿಟ್ಟ ಪೋಪ್ ಕಿರೀಟದ ತುದಿ ನೋಡಿ. ಅಲ್ಲಿ ಓಕ್ ಮರದ ಕಾಯಿ ಇದೆ, ಜೂಲಿಯಸ್‌ನ ದೆಲ್ಲಾ ರೊವೆರೆ ಮನೆತನದ ಗುರುತು.

ಕಡಲತಡಿ
ಮಂಗಳೂರಿನಿಂದ ಬರೆಯುತ್ತಿದ್ದೇನೆ. ಕಲ್ಲಚ್ಚು ಎಂದಮೇಲೆ ನಮ್ಮೂರನ್ನು ಬಿಟ್ಟು ಮಾತು ಮುಗಿಯಬಾರದು. ಬಾಸೆಲ್ ಮಿಷನ್‌ನವರು 1841ರಲ್ಲಿ ಇಲ್ಲಿ ಮುದ್ರಣ ಶುರು ಮಾಡಿದ್ದು ಕಲ್ಲಚ್ಚಿನಿಂದಲೇ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವೂ ಕಲ್ಲಿನ ಮೇಲೆ ಕೈಯಲ್ಲಿ ಬರೆದು ಅಚ್ಚು ಮಾಡಿದ್ದು. ಹಾನ್ಫ್‌ಸ್ಟೆಂಗ್ಲ್ ಡ್ರೆಸ್ಡೆನ್‌ನಲ್ಲಿ ರಾಫೆಲ್‌ನನ್ನು ಕಲ್ಲಿಗೆ ಇಳಿಸುತ್ತಿದ್ದ ವರ್ಷಗಳಲ್ಲೇ ಇಲ್ಲಿ ಕನ್ನಡ ಅಕ್ಷರಗಳು ಕಲ್ಲಿಗೆ ಇಳಿಯುತ್ತಿದ್ದವು. ಮೈ ಜುಮ್ಮೆನ್ನುವುದಿಲ್ಲವೇ?

ಹಾಗೇ ಇನ್ನೊಂದು ಮಾತು. ಇಟಲಿಯ ಧಾರ್ಮಿಕ ಚಿತ್ರಕಲೆ ನೋಡಬೇಕಾದವರು ನಮ್ಮ ಸಂತ ಅಲೋಶಿಯಸ್ ಚಾಪೆಲ್‌ಗೆ ಬನ್ನಿ. ಬೆರ್ಗಾಮೋ ಕಡೆಯಿಂದ ಬಂದ ಅಂತೋನಿಯೋ ಮೊಸ್ಕೆನಿ ಗೋಡೆ, ಛಾವಣಿ ಎಲ್ಲ ತುಂಬಿಸಿ ಬರೆದಿದ್ದಾರೆ.

ಸಂಪಿಗೆ
ಮೊಸ್ಕೆನಿ ಚಿತ್ರ ಕಲ್ಲಚ್ಚಲ್ಲವಲ್ಲ! ಆದರೆ ಆ ಛಾವಣಿ ನೋಡಿ ಕತ್ತು ನೋಯಿಸಿಕೊಂಡವರಲ್ಲಿ ನಾನೂ ಒಬ್ಬಳು. ಮತ್ತೆ ಮತ್ತೆ ನೋಡಬೇಕು.

ಗುಲ್‌ಮೊಹರ್
ನಮ್ಮ ಮನೆಯಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿ ಇದ್ದವು. ಅವೂ ಇದೇ ಬಗೆಯವೇ?

ಮುದ್ರಕ
ಅದೇ ಬಗೆ, ಆದರೆ ಬಣ್ಣದ್ದು. ಪ್ರತಿಯೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು. ಒಂದರ ಮೇಲೊಂದು ಕೂದಲೆಳೆ ತಪ್ಪದಂತೆ ಒತ್ತಬೇಕು, ಒಂದು ಬಣ್ಣ ಸರಿದರೆ ದೇವಿಯ ತುಟಿ ಗಲ್ಲಕ್ಕೆ ಬರುತ್ತದೆ. 1894ರಲ್ಲಿ ಮುಂಬೈಯಲ್ಲಿ ರವಿವರ್ಮ ಪ್ರೆಸ್ ಶುರುವಾಯಿತು. ಯಂತ್ರಗಳು ಜರ್ಮನಿಯವು, ಕೆಲಸ ಕಲಿಸಿದ ತಂತ್ರಜ್ಞರೂ ಜರ್ಮನಿಯವರು. ಆಮೇಲೆ ಫ್ರಿಟ್ಜ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞನೇ ಪ್ರೆಸ್ಸನ್ನು ಕೊಂಡುಕೊಂಡ.

ಕುಂಚ ಅವರಿಗೆ ನನ್ನ ಪ್ರಶ್ನೆ. ರವಿವರ್ಮನ ಮೂಲ ತೈಲಚಿತ್ರ ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಅರಮನೆಗೆ, ಮ್ಯೂಸಿಯಂಗೆ ಹೋದವರು ನೋಡಿರಬಹುದು. ಊರೂರಿನ ದೇವರ ಕೋಣೆಗೆ ಬಂದದ್ದು ಕಲ್ಲಚ್ಚಿನ ಲಕ್ಷ್ಮಿ. ಯೂರೋಪಿನಲ್ಲಿಯೂ ಅಷ್ಟೇ. 1840ರಲ್ಲಿ ಡ್ರೆಸ್ಡೆನ್‌ಗೆ ಹೋಗಲಾರದ ಒಬ್ಬ ಶಾಲಾ ಮಾಸ್ತರನಿಗೆ ರಾಫೆಲ್ ಎಂದರೆ ಇಂಥ ಕಾಗದವೇ.

ಕುಂಚ
ಜನರಿಗೆ ತಲುಪಿತು ಎನ್ನುವುದನ್ನು ನಾನು ಅಲ್ಲಗಳೆದಿಲ್ಲ. ಆದರೆ ತಲುಪಿದ್ದು ಏನು? ಚಿತ್ರದ ಬುಡದಲ್ಲಿ ಗಲ್ಲಕ್ಕೆ ಕೈಯೂರಿ ಮೇಲೆ ನೋಡುವ ಇಬ್ಬರು ಪುಟಾಣಿ ದೇವದೂತರನ್ನು ಕತ್ತರಿಸಿ ತೆಗೆದು 19ನೇ ಶತಮಾನದಲ್ಲೇ ಪ್ರತ್ಯೇಕವಾಗಿ ಮಾರಿದರು. ಈಗ ಅವರು ಬಿಸ್ಕತ್ತಿನ ಡಬ್ಬಿ, ಕೊಡೆ, ಕಪ್ಪುಗಳ ಮೇಲೆಲ್ಲ ಇದ್ದಾರೆ. ಅವರ ತಲೆಯ ಮೇಲೆ ಒಬ್ಬ ತಾಯಿ ಮಗನನ್ನು ಸಾವಿಗೆ ಎತ್ತಿಕೊಂಡು ಬರುತ್ತಿದ್ದಾಳೆ ಎಂದು ಕಪ್ಪು ಕೊಂಡವರಿಗೆ ಗೊತ್ತೇ? ಪ್ರತಿಕೃತಿಯ ದಾರಿ ಕೊನೆಗೆ ಮುಟ್ಟುವುದು ಅಲ್ಲಿಗೆ.

ಹಳೆಕಾಗದ
ಕತ್ತರಿಸಿ ಮಾರಿದವರ ತಪ್ಪನ್ನು ಇಡೀ ಚಿತ್ರವನ್ನು ನಿಷ್ಠೆಯಿಂದ ಬರೆದವನ ತಲೆಗೆ ಕಟ್ಟಬೇಡಿ. ಪ್ರತಿಕೃತಿಯಿಂದ ಯಾರ ಎದೆಗೆ ಏನು ಇಳಿಯಿತು ಎಂದು ತಿಳಿಯಬೇಕಾದರೆ ರಷ್ಯದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿಯನ್ನು ನೆನೆಯಿರಿ. ಡ್ರೆಸ್ಡೆನ್‌ನಲ್ಲಿದ್ದಾಗ ಈ ಚಿತ್ರದ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದವನು. 1879ರಲ್ಲಿ ಅದರ ದೊಡ್ಡ ಛಾಯಾಚಿತ್ರವೊಂದನ್ನು ಅವನಿಗೆ ಉಡುಗೊರೆ ಕೊಟ್ಟರು. ಅದನ್ನು ಓದುವ ಕೋಣೆಯಲ್ಲಿ ಸೋಫಾದ ಮೇಲೆ ತೂಗುಹಾಕಿಕೊಂಡ, 1881ರಲ್ಲಿ ಅದರ ಕೆಳಗೇ ಪ್ರಾಣ ಬಿಟ್ಟ. ಅದೂ ಬಣ್ಣವಿಲ್ಲದ ಪ್ರತಿಯೇ.

ಕುಂಚ
ಅವನು ಮೂಲವನ್ನು ಕಣ್ಣಾರೆ ನೋಡಿದ್ದವನು. ನೋಡಿದವನಿಗೆ ಪ್ರತಿ ನೆನಪು ಕೊಡುತ್ತದೆ, ನೋಡದವನಿಗೆ ಬೇರೇನನ್ನೋ ಕೊಡುತ್ತದೆ. ಇಲ್ಲಿ ನಾವು ಒಪ್ಪುವುದು ಕಷ್ಟ. ಆದರೆ ಮೋಡದ ಮುಖಗಳ ಬಗ್ಗೆ ನೀವು ಹೇಳಿದ್ದನ್ನು ನಾಳೆ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಅದು ಚಿತ್ರ ಬರೆಯುವವನು ಕಲಿಯಬೇಕಾದ ವಿಷಯ.

ಭೂಗರ್ಭ
ಒಂದು ಸಂದೇಹ. ಹಾನ್ಫ್‌ಸ್ಟೆಂಗ್ಲ್ ಬರೆದ ಆ ಕಲ್ಲುಗಳು ಈಗ ಎಲ್ಲಾದರೂ ಇರಬಹುದೇ? ಕಲ್ಲು ಹಾಳಾಗುವ ವಸ್ತುವಲ್ಲವಲ್ಲ.

ಮುದ್ರಕ
ಕಲ್ಲು ಉಳಿಯುತ್ತದೆ, ಚಿತ್ರ ಉಳಿಯುವುದಿಲ್ಲ! ಒಳ್ಳೆಯ ಕಲ್ಲು ದುಬಾರಿ. ಬೇಕಾದಷ್ಟು ಪ್ರತಿ ತೆಗೆದ ಮೇಲೆ ಮರಳು ಹಾಕಿ ಉಜ್ಜಿ ಮುಂದಿನ ಚಿತ್ರಕ್ಕೆ ಬಳಸುವುದೇ ರೂಢಿಯಾಗಿತ್ತು. ಅದಕ್ಕೇ ಹೇಳುವುದು, ಬರೆದವನ ಕೈಗೆಲಸಕ್ಕೆ ಉಳಿದ ಸಾಕ್ಷಿ ಕಾಗದವೊಂದೇ. ಅದನ್ನು ನಕಲು ಎಂದು ಮೂಲೆಗೆ ಎಸೆದರೆ ಆ ಕೈಯೇ ಅಳಿದಂತೆ.

ಸಂಪಿಗೆ
ಹಾನ್ಫ್‌ಸ್ಟೆಂಗ್ಲ್ 1852ಕ್ಕೆ ಯಾಕೆ ನಿಲ್ಲಿಸಿದ?

ಹಳೆಕಾಗದ
ಫೋಟೋಗ್ರಫಿ ಬಂತು. 1853ರಿಂದ ಅವನೇ ಮ್ಯೂನಿಕ್‌ನಲ್ಲಿ ಛಾಯಾಗ್ರಾಹಕನಾದ, ರಾಜಮನೆತನದವರ, ಕಲಾವಿದರ ಭಾವಚಿತ್ರ ತೆಗೆದು ಇನ್ನಷ್ಟು ಹೆಸರು ಮಾಡಿದ. ನೆಗೆಟಿವ್ ಮೇಲೆಯೇ ಕೈಯಿಂದ ತಿದ್ದುವ ಕೆಲಸವನ್ನು 1855ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದವನೂ ಅವನೇ. ಕಲ್ಲಿನ ಮೇಲೆ ಪಳಗಿದ ಕೈಗೆ ಅದು ಕಷ್ಟವಾಗಿರಲಾರದು.

ಎಲ್ಬೆತೀರ ಅವರಿಗೆ ಒಂದು ಎಚ್ಚರಿಕೆ. ನನ್ನ ಹತ್ತಿರ ಇದ್ದ ಒಂದು ಹಳೆಯ ಕಲ್ಲಚ್ಚನ್ನು ಬೆಂಗಳೂರಿನ ಅಂಗಡಿಯೊಂದಕ್ಕೆ ಚೌಕಟ್ಟು ಹಾಕಲು ಕೊಟ್ಟಿದ್ದೆ. ಸಿದ್ಧವಿದ್ದ ಚೌಕಟ್ಟಿನಲ್ಲಿ ಕೂರುವುದಿಲ್ಲವೆಂದು ಅವರು ನನ್ನನ್ನು ಒಂದು ಮಾತೂ ಕೇಳದೆ ಕೆಳಗಿನ ಅಂಚನ್ನು ಕತ್ತರಿಸಿ ಎಸೆದರು. ಬರೆದವನ ಹೆಸರು, ಅಚ್ಚು ಮಾಡಿದವನ ಹೆಸರು ಎರಡೂ ಕಸದ ಬುಟ್ಟಿಗೆ ಹೋದವು. ಇವತ್ತಿಗೂ ಕೋಪ ಇಳಿದಿಲ್ಲ. ‘ಅಂಚು ಮುಟ್ಟಬೇಡಿ’ ಎಂದು ಬರೆದೇ ಕೊಡಿ.

ಎಲ್ಬೆತೀರ
ಅಯ್ಯೋ! ಇಲ್ಲಿ ಚೌಕಟ್ಟಿಲ್ಲದೆಯೇ ಇಟ್ಟಿದ್ದೇನೆ. ಮುಂದಿನ ಜೂನ್‌ನಲ್ಲಿ ಶಿವಮೊಗ್ಗದ ಮನೆಗೆ ತರಬೇಕೆಂದಿದ್ದೇನೆ. ಸುತ್ತಿ ಕೊಳವೆಯಲ್ಲಿ ಹಾಕಿಕೊಂಡು ಬರಬಹುದೇ?

ಮುದ್ರಕ
ಸುತ್ತಬೇಡಿ. ಚೀನಾ ಕಾಗದ ಹಿಂದಿನ ಕಾಗದದಿಂದ ಬಿಟ್ಟುಕೊಳ್ಳುತ್ತದೆ. ಆಮ್ಲರಹಿತ ರಟ್ಟು ಎರಡು ಕೊಂಡು ನಡುವೆ ಚಪ್ಪಟೆಯಾಗಿ ಇಡಿ, ಚಿತ್ರದ ಮೇಲೆ ಆಮ್ಲರಹಿತ ತೆಳು ಕಾಗದ ಒಂದು ಹಾಳೆ. ಸೆಲ್ಲೋಟೇಪ್ ಹತ್ತಿರಕ್ಕೂ ತರಬೇಡಿ.

ಹಳೆಕಾಗದ
ಜೂನ್ ಬೇಡವೇ ಬೇಡ. ಶಿವಮೊಗ್ಗದ ಮಳೆಗಾಲದ ತೇವಕ್ಕೆ ಆ ಕಂದು ಚುಕ್ಕೆಗಳು ಒಂದಕ್ಕೆ ಹತ್ತಾಗುತ್ತವೆ. ಡಿಸೆಂಬರ್‌ನಲ್ಲಿ ತನ್ನಿ. ಗೋಡೆಗೆ ಹಾಕುವಾಗ ಹೊರಗೋಡೆ ಬಿಟ್ಟು ಒಳಗೋಡೆ ಆರಿಸಿ, ಬಿಸಿಲು ನೇರ ಬೀಳಬಾರದು, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚು ಇರಲಿ.

ಕಡಲತಡಿ
ಕರಾವಳಿಯವರ ಅನುಭವದ ಮಾತು: ಚೌಕಟ್ಟಿನ ಹಿಂಭಾಗ ಗೋಡೆಗೆ ಅಂಟಿಕೊಳ್ಳದಂತೆ ನಾಲ್ಕು ಮೂಲೆಗೆ ಬಿರಡೆಯ ಚೂರು ಅಂಟಿಸಿ, ಗಾಳಿಯಾಡುತ್ತದೆ. ಮಳೆಗಾಲದಲ್ಲಿ ಆಗಾಗ ಇಳಿಸಿ ಹಿಂಭಾಗ ನೋಡುತ್ತಿರಿ, ಹುಳು ಬರುವುದು ಅಲ್ಲಿಂದಲೇ.

ಎಲ್ಬೆತೀರ
ಹಾಗಾದರೆ ಡಿಸೆಂಬರ್. ನಾಳೆ ರಟ್ಟು ಕೊಳ್ಳುತ್ತೇನೆ. ಭಾನುವಾರ ಗ್ಯಾಲರಿಗೆ ಹೋಗಿ ಮೂಲದ ಮೇರಿಯ ಕಣ್ಣುಗಳನ್ನು ನನ್ನ ಪ್ರತಿಯ ಫೋಟೋದೊಂದಿಗೆ ಹೋಲಿಸಿ ನೋಡುತ್ತೇನೆ. ಕುಂಚ ಅವರೇ, ಹಾನ್ಫ್‌ಸ್ಟೆಂಗ್ಲ್ ಆ ನೋಟವನ್ನು ಸಿಹಿ ಮಾಡಿದ್ದಾನೋ ಇಲ್ಲವೋ ಎಂದು ನಿಮಗೇ ಮೊದಲು ಬರೆಯುತ್ತೇನೆ.

ಕುಂಚ
ಬರೆಯಿರಿ. ಕೆಳಗಿನ ರೆಪ್ಪೆಯ ಗೆರೆಯನ್ನು ಗಮನಿಸಿ, ಮೇಲಿನದನ್ನಲ್ಲ. ಮಗುವಿನ ಹುಬ್ಬನ್ನೂ ನೋಡಿ.